ರೋಸಮ್ಮನ ವಂಶ

ಉದಕಮಂಡಲದ ರೇಸಿನಲ್ಲಿ ಎರಡು ಸೀಸನ್ ಓಡಿ ಒಂದು ಸಲವೂ ಗೆಲ್ಲದ ಹೆಣ್ಣುಕುದುರೆಯನ್ನು ಸೀರೆ ವ್ಯಾಪಾರಿ ವೆಲ್ಲಿಂಗಿರಿ ತನ್ನೂರು ಸಿಂಗಾನಲ್ಲೂರಿಗೆ ಹಿಡಿದುಕೊಂಡು ಬಂದದ್ದು ಅದರ ವಂಶಕ್ಕೆ ಮರುಳಾಗಿ. ಇದರಜ್ಜ ಲಂಡನ್ನಿನಲ್ಲಿ ರಾಜರ ಮುಂದೆ ಓಡಿದವನು ಎಂದು ಮಾರಿದ ಬಿಳಿ ದೊರೆ ಹೇಳಿದ್ದ. ಓಡಿ ಎಷ್ಟನೆಯವನಾಗಿ ಬಂದ ಎಂದು ವೆಲ್ಲಿಂಗಿರಿ ಕೇಳಿರಲಿಲ್ಲ.

ದೊರೆ ಇಟ್ಟ ಹೆಸರು ಲೇಡಿ ರೋಸ್. ಬೀದಿಯವರ ಬಾಯಲ್ಲಿ ರೋಸಮ್ಮ. ಗಾಡಿಗೆ ಕಟ್ಟಿದರೆ ಒದೆಯುತ್ತಿದ್ದಳು. ಹುರುಳಿಯನ್ನು ಮಾತ್ರ ಮದುವೆಗೆ ಬಂದ ಬೀಗರಂತೆ ಬಾರಿಸುತ್ತಿದ್ದಳು. "ಲಂಡನ್ ಅಜ್ಜನ್ನೇ ಕೂಗಿ ಹುಲ್ಲು ಹಾಕಕ್ಕೆ ಹೇಳಿ" ಎಂದು ಹೆಂಡತಿ ರುಕ್ಮಣಿ ಸಿಡುಕತೊಡಗಿದಳು. ಕೊಳ್ಳುವವರಿಲ್ಲ. ಸುಮ್ಮನೆ ಕೊಟ್ಟುಬಿಡೋಣವೆಂದರೆ, ಇಷ್ಟು ದಿನ ಕೊಚ್ಚಿಕೊಂಡ ಬಾಯಿ ಅಡ್ಡ ಬರುತ್ತಿತ್ತು. ಕುದುರೆ ಹೋಗಬೇಕು, ಮಾನ ಉಳಿಯಬೇಕು. ಇದಕ್ಕೊಂದೇ ದಾರಿ: ಪಂದ್ಯ ಕಟ್ಟಿ ಸೋಲುವುದು.

ಜಟ್ಕಾ ಓಡಿಸುವ ಮಾರಪ್ಪನ್‌ನನ್ನು ಹಿಡಿದ. "ಏನಪ್ಪ, ನಿನ್ ತಟ್ಟು ಕುದ್ರೆ ನನ್ ರೋಸಮ್ಮನ ಜತೆ ಓಡ್ತದಾ? ಸೋತೋರ ಕುದ್ರೆ ಗೆದ್ದೋರಿಗೆ."

"ಆಗ್ಲಿ ಅಣ್ಣಾ. ಆಮೇಲೆ ಮಾತು ತಪ್ಪಕೂಡದು."

ಪಂದ್ಯ ಅಮಾವಾಸ್ಯೆಗೆ; ಅಂದು ಬೀದಿಯ ಮಗ್ಗಗಳಿಗೆ ರಜೆ. ಬೆಳಗಾಗುತ್ತಲೇ ಬೀದಿಗೆ ಬೀದಿಯೇ ವೆಲ್ಲಿಂಗಿರಿಯ ಅಂಗಳದಲ್ಲಿತ್ತು. ಎದುರುಮನೆ ಕಾಮಾಕ್ಷಿಯಮ್ಮ ಬಾಣಂತಿಗೆ ಉಜ್ಜುವ ಹಾಗೆ ಕುದುರೆಯ ಕಾಲಿಗೆ ಎಣ್ಣೆ ಉಜ್ಜುತ್ತಿದ್ದರು. ಪಕ್ಕದ ಮನೆಯ ತಿರುಮಲೈಸಾಮಿ ಕರುಪಟ್ಟಿ ಬೆಲ್ಲ ತಿನ್ನಿಸುತ್ತಿದ್ದ.

"ಬೇಡಕ್ಕಾ, ಸುಮ್ನೆ ಬಿಡಿ!" ವೆಲ್ಲಿಂಗಿರಿ ಗೋಗರೆದ.

"ನೀವು ಸುಮ್ನಿರಿ ತಮ್ಮಾ. ನಮ್ ಬೀದಿ ಮಾನ ಇದು!"

ಕೆರೆ ಏರಿಯಿಂದ ಪಿಳ್ಳೈಯಾರ್ ಗುಡಿಯವರೆಗೆ ಓಟ. ಟವಲು ಬೀಸಿದ್ದೇ ತಡ, ವೆಲ್ಲಿಂಗಿರಿ ಲಗಾಮನ್ನು ಬಿಗಿಯಾಗಿ ಹಿಂದಕ್ಕೆ ಎಳೆದ. ಪಕ್ಕಕ್ಕೆ ನೋಡುತ್ತಾನೆ, ಮಾರಪ್ಪನ್ ಕೂಡ ಅಲ್ಲೇ! ಎರಡು ಕುದುರೆಗಳೂ ಹೊಸ ಸೊಸೆಯರಂತೆ ಹೆಜ್ಜೆ ಎಣಿಸಿ ನಡೆಯುತ್ತಿದ್ದವು.

"ಓಡ್ಸೋ ಮಾರಪ್ಪಾ!"

"ನೀವು ಮುಂದೆ ಹೋಗಿ ಅಣ್ಣಾ, ದೊಡ್ಡೋರು."

ಅಷ್ಟರಲ್ಲಿ ರಸ್ತೆ ಪಕ್ಕದ ಮಿಲ್ಲಿನ ಸೈರನ್ ಕೂಗಿತು. ಎರಡು ಸೀಸನ್ನೂ ಗೆಲ್ಲದ ರೋಸಮ್ಮನಿಗೆ ಆ ಕೂಗಿಗೆ ಜೀವವೇ ಹಾರಿತು. ಕಿವಿ ಹಿಂದಕ್ಕೆ ಮಡಚಿ, ಬಾಲ ನಿಗುರಿಸಿ, ಬಿಟ್ಟ ಬಾಣವಾದಳು. ವೆಲ್ಲಿಂಗಿರಿಯ ಪಂಚೆ ಒಂದು ಬೇಲಿಗೆ, ರುಮಾಲು ಇನ್ನೊಂದು ಬೇಲಿಗೆ. ಕುತ್ತಿಗೆ ತಬ್ಬಿಕೊಂಡು "ನಿಲ್ಲೇ ತಾಯಿ" ಎನ್ನುತ್ತಲೇ ಲಂಗೋಟಿಯಲ್ಲಿ ಗುಡಿ ದಾಟಿದ. ಜೀವಮಾನದಲ್ಲಿ ಮೊದಲ ಸಲ ರೋಸಮ್ಮ ಗೆದ್ದಿದ್ದಳು. ಜನ ಹಾರ ಹಾಕಿದರು.

ಎಷ್ಟೋ ಹೊತ್ತಿನ ಮೇಲೆ ಮಾರಪ್ಪನ್ ತಟ್ಟುವಿನಿಂದಿಳಿದು ನಗುನಗುತ್ತಾ ನಡೆದು ಬಂದ. ಅದರ ಹಗ್ಗವನ್ನು ಎರಡೂ ಕೈಯಿಂದ ವೆಲ್ಲಿಂಗಿರಿಗೆ ಒಪ್ಪಿಸಿದ.

"ನಾಳೆಯಿಂದ ನಾನು ಪಲ್ಲಡಂ ಬಸ್ಸಲ್ಲಿ ಕಂಡಕ್ಟರ್ ಅಣ್ಣಾ. ಇದನ್ನ ಯಾರಿಗೆ ಒಪ್ಸೋದು ಅಂತ ನಿದ್ದೆ ಇರ್ಲಿಲ್ಲ. ಸಾಮಿ ಬಂದಂಗೆ ನೀವ್ ಬಂದ್ರಿ."

ಮಾರಪ್ಪನ್ ತಟ್ಟುವಿನ ಹೊಟ್ಟೆಯನ್ನು ಮೆಲ್ಲಗೆ ಸವರಿದ.

"ಜೋಪಾನ ಅಣ್ಣಾ. ಗಬ್ಬ ಆಗಿದೆ. ಅದಕ್ಕೇ ಓಡ್ಸಕ್ಕೆ ಮನ್ಸು ಬರ್ಲಿಲ್ಲ."