ಬ್ರೋಕರ್ ಕರೆತಂದ ನೆಂಟರು

ಮನೆ ಕೊಳ್ಳಲು ಹೊರಟು, ಇದ್ದ ಮನೆಯನ್ನೂ ಕಳೆದುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಸ್ವಲ್ಪ ಹತ್ತಿರ ಬಂದು ಕೂತುಕೊಳ್ಳಿ. ಇಲ್ಲದವರು ನಗಬಹುದು, ನಮ್ಮ ಬೀದಿಯವರು ಆಗಲೇ ನಕ್ಕು ಮುಗಿಸಿದ್ದಾರೆ.

ನಾವು ಬಂಗಾರಪೇಟೆಯಲ್ಲಿ ಬಾಡಿಗೆಗೆ ಇರುವವರು. ಮಾಲೀಕರು ಇರುವುದು ಮುಳಬಾಗಿಲಿನಲ್ಲಿ. ಸ್ವಂತದ್ದೊಂದು ಮನೆ ಬೇಕು ಅಂತ ಹೊರಟಾಗ ಸಿಕ್ಕವನು ಬ್ರೋಕರ್ ಮುನಿರಾಜು. ನನ್ನದೊಂದು ಸಿದ್ಧಾಂತವಿದೆ. ಡಾಕ್ಟರ ಹತ್ತಿರ ನೋವನ್ನೂ ಬ್ರೋಕರ್ ಹತ್ತಿರ ಕಷ್ಟವನ್ನೂ ಒಂಚೂರು ಜಾಸ್ತಿಯೇ ಹೇಳಬೇಕು, ಇಲ್ಲದಿದ್ದರೆ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ. ಅದಕ್ಕೇ ಮೊದಲ ದಿನವೇ, "ಇದು ಮನುಷ್ಯರು ಇರೋ ಮನೆ ಅಲ್ಲಪ್ಪ. ಅಡುಗೆಮನೇಲಿ ಗಾಳಿ ಇಲ್ಲ, ಸಂಜೆಯಾದ್ರೆ ಸೊಳ್ಳೆ" ಅಂದೆ. "ಅಯ್ಯೋ, ಎಂಗಿದೀರಣ್ಣ ಇಷ್ಟ್ ದಿನ" ಅಂತ ಮರುಗಿದ.

ಆಮೇಲೆ ಶುರುವಾಯಿತು ತಿರುಗಾಟ. ಉರಿಗಾಂನಲ್ಲಿ ತೋರಿಸಿದ ಮನೆಯ ಗೋಡೆ ಗಟ್ಟಿಯಾಗಿತ್ತು, ಆದರೆ ಅದು ತಮ್ಮದು ಅಂತ ಪಕ್ಕದವರು ಬಂದು ನಿಂತರು. ಮೈಸೂರು ಮೈನ್ಸ್ ಕಡೆಯ ಮನೆಯಲ್ಲಿ ಮುನಿರಾಜು ಕಿಟಕಿ ತೆಗೆದು, "ನೋಡ್ರಕ್ಕ, ಬೆಟ್ಟ ಕಾಣ್ತೈತೆ. ಊಟಿಗೆ ಓಗೋ ಕೆಲ್ಸಾನೇ ಇಲ್ಲ" ಅಂದ. ಅದು ಚಿನ್ನದ ಗಣಿಯವರು ಸುರಿದುಹೋದ ಸೈನೈಡ್ ಮಣ್ಣಿನ ದಿಬ್ಬ. ಗಾಳಿ ಎದ್ದರೆ ಬೆಟ್ಟವೇ ಅಡುಗೆಮನೆಗೆ ಬರುತ್ತದೆ. ನನ್ನ ಹೆಂಡತಿ ಕಿಟಕಿ ಮುಚ್ಚಿ, "ಈಗ ಇರೋ ಅಂಥದ್ದೇ ಒಂದು ಮನೆ ಸಿಕ್ಕಿದ್ರೆ ಸಾಕಾಗಿತ್ತು" ಅಂದಳು. ನಾನು ಕಣ್ಣುಬಿಟ್ಟು ಅವಳ ಬಾಯಿ ಮುಚ್ಚಿಸಿದೆ. ಸಿದ್ಧಾಂತ ಕೆಡಬಾರದಲ್ಲ.

ಒಂದು ಭಾನುವಾರ ಅವನೇ ಮಾಲೂರಿನ ಗಂಡಹೆಂಡತಿಯನ್ನು ನಮ್ಮ ಮನೆಗೆ ಕರೆತಂದ. "ನಮ್ ನೆಂಟ್ರು ಕಣಣ್ಣ. ಬಿಸ್ಲು ಜಾಸ್ತಿ, ಒಂಗಳಿಗೆ ಕೂತ್ಕಂಡು ಓಗ್ತಾರೆ." ಮನೆಗೆ ಬಂದವರ ಮುಂದೆ ಮನೆಯನ್ನು ಹೀಗಳೆಯುವುದು ನಮ್ಮ ವಂಶದಲ್ಲೇ ಇಲ್ಲ. ಕಾಫಿ ಕೊಟ್ಟೆವು. ಬೋರಿನ ನೀರು ಎಳನೀರಿನ ಹಾಗಿದೆ ಅಂದೆ. ಸೊಳ್ಳೆ ಕಾಟವಿದೆಯೇ ಅಂತ ಆಕೆ ಕೇಳಿದಾಗ, ಇಲ್ಲಿ ಕಿಟಕಿ ತೆಗೆದೇ ಮಲಗುತ್ತೇವೆ ಅಂದುಬಿಟ್ಟೆ. ಹೆಂಡತಿ ತಾನು ನೆಟ್ಟ ಕರಿಬೇವಿನಿಂದ ಒಂದು ಹಿಡಿ ಕಿತ್ತು ಕೊಟ್ಟಳು. ಆ ಮನುಷ್ಯ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದಾಗಲೂ ನನಗೆ ಅನುಮಾನ ಬರಲಿಲ್ಲ. ಕೈ ತೊಳೆಯಲು ಇರಬೇಕು ಅಂತ ಟವೆಲ್ ತಂದುಕೊಟ್ಟೆ.

ವಾರ ಕಳೆಯುವುದರೊಳಗೆ ಮಾಲೀಕರ ಫೋನು. "ಮನೆ ಕೊಟ್ಬುಟ್ಟೆ ಕಣಪ್ಪ, ಮಾಲೂರೋರಿಗೆ. ಬರೋ ತಿಂಗ್ಳು ಕಾಲಿ ಮಾಡ್ಕೊಡು. ನೀನೇ ನಿಂತು ಎಲ್ಲಾ ತೋರಿಸ್ದಂತೆ, ದೇವ್ರು ಒಳ್ಳೇದ್ ಮಾಡ್ಲಿ."

ಹೆಂಡತಿ ಗೋಡೆಗೆ ಒರಗಿ ಕೂತಳು. "ಮಾರೋದಿದ್ರೆ ನಾವೇ ತಗೋತಿದ್ವಲ್ಲ ರೀ" ಅಂದಳು, ಅಷ್ಟೇ. ನಾನು ಮುನಿರಾಜುವನ್ನು ಹಿಡಿದು ಕೇಳಿದೆ. ಅವನಿಗೇ ಬೇಜಾರಾಯಿತು. "ಮನುಷ್ರು ಇರೋ ಮನೆ ಅಲ್ಲ ಅಂದೋರ್ ನೀವು. ಇದನ್ನೇ ತಗಳ್ರಣ್ಣ ಅಂತ ಯಾವ್ ಮುಖ ಇಟ್ಕಂಡು ಏಳ್ಲಿ? ಒಡ್ದುಬುಡ್ತೀರ ಅಂತ ಬಯ ಆಯ್ತು."

ಸ್ವಂತ ಮನೆಯ ಮಾತು ಬಿಟ್ಟು ಈಗ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಹುಡುಕಿಕೊಡುತ್ತಿರುವವನೂ ಅವನೇ. ಊರಲ್ಲಿ ಯಾರು ಯಾವಾಗ ಮನೆ ಖಾಲಿ ಮಾಡುತ್ತಾರೆ ಅಂತ ಅವರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತದೆ.

ನಿಮಗೂ ಇಂಥದ್ದೇನಾದರೂ ಆಗಿದ್ದರೆ ನಾಚಿಕೊಳ್ಳದೆ ಕೆಳಗೆ ಬರೆಯಿರಿ, ವಿವರವಾಗಿಯೇ ಬರೆಯಿರಿ. ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಆದರೆ ಕಾಮೆಂಟುಗಳನ್ನು ಓದುತ್ತಾಳೆ.