ಚಿತ್ರಾನ್ನಕ್ಕೆ ಜರ್ಮನ್ ವೈನು

ಗೊತ್ತಿಲ್ಲದ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರುವವನನ್ನು ಜನ ಪಂಡಿತನೆಂದು ತಿಳಿಯುತ್ತಾರೆ. ನಾನು ಒಂದೇ ಒಂದು ಸಲ ಬಾಯಿ ಬಿಟ್ಟು ಮಹಾಪಂಡಿತನಾದೆ. ಕ್ಯಾನರಿ ವಾರ್ಫಿನ ನಮ್ಮ ಆಫೀಸಿನವರ ಊಟದಲ್ಲಿ ಯಾರೋ ನನ್ನ ಮುಂದೆ ಬಿಳಿ ವೈನ್ ಇಟ್ಟರು. ಜನ್ಮದಲ್ಲಿ ಕುಡಿದವನಲ್ಲ. ಆದರೂ ಸುಮ್ಮನಿರಲಾರದೆ ಮೂಸಿ, "ಹಸಿರು ಸೇಬಿನ ವಾಸನೆ" ಎಂದು ಲೋಟವನ್ನು ಪಕ್ಕಕ್ಕೆ ಸರಿಸಿದೆ. ನನ್ನ ಮಟ್ಟಕ್ಕೆ ಅದು ಸಾಲದೆಂದು ಎಲ್ಲರೂ ಅರ್ಥ ಮಾಡಿಕೊಂಡರು. ನಮ್ಮ ಜರ್ಮನ್ ಮ್ಯಾನೇಜರ್ ಯೋಹಾನ್ ಅಂದಿನಿಂದ ನನ್ನನ್ನು ಗೌರವದಿಂದ ನೋಡತೊಡಗಿದ. ತಿದ್ದಬೇಕಿತ್ತು. ತಿದ್ದಲಿಲ್ಲ, ಗೌರವ ಯಾರಿಗೆ ಬೇಡ?

ಕಳೆದ ತಿಂಗಳು ಅವನ ತಾಯಿ ಜರ್ಮನಿಯಿಂದ ಬಂದರು. ಆಕೆ ಬಾಳೆಲ್ಲ ದ್ರಾಕ್ಷಿ ಬೆಳೆದು ವೈನ್ ಮಾಡಿದವರು. ಮಂಡಿನೋವಿನಿಂದ ಈ ವರ್ಷ ತೋಟ ಮಾರಿಬಿಟ್ಟಿದ್ದರು. "ಕೊನೇ ಸಲ ಮಾಡಿದ್ದರಲ್ಲಿ ಒಂದು ಬಾಟಲಿ ನಿನಗೆ ಅಂತ ತಂದಿದ್ದಾರೆ. ನೀನು ಏನು ಹೇಳ್ತೀಯೋ ಕೇಳಬೇಕಂತೆ" ಎಂದ ಯೋಹಾನ್. ಭಾನುವಾರ ಮಧ್ಯಾಹ್ನ ಕ್ರೋಯ್ಡನ್ನಿನ ನಮ್ಮ ಫ್ಲ್ಯಾಟಿಗೆ ಊಟಕ್ಕೆ ಕರೆಯದೆ ವಿಧಿಯಿರಲಿಲ್ಲ.

"ಅದರ ಜೊತೆಗೆ ಏನು ಅಡುಗೆ ಮಾಡ್ಲಿ?" ಎಂದು ನನ್ನ ಹೆಂಡತಿ ಸುಧಾ ಕೇಳಿದಳು. ಯೋಹಾನ್ ಕಳಿಸಿದ್ದ ಲೇಬಲ್ಲಿನ ಫೋಟೋ ಹಿಡಿದು ಟ್ರಾಮ್ ಸ್ಟಾಪಿನ ಬಳಿಯ ವೈನ್ ಅಂಗಡಿಗೆ ಹೋದೆ. ಅಂಗಡಿಯಾಕೆ ನೋಡಿ, "ಮೂರು ದ್ರಾಕ್ಷಿಯ ಮಿಶ್ರಣ. ಅರ್ಧ ಡ್ರೈ" ಎಂದಳು. ನಮ್ಮ ಬಾಲ್ಕನಿಯಲ್ಲಿ ಬಟ್ಟೆಗಳು ವರ್ಷವಿಡೀ ಅರ್ಧ ಡ್ರೈ ಆಗಿಯೇ ಇರುತ್ತವೆ. ಆದರೆ ಬಾಟಲಿಯೊಳಗೆ ಕುಲುಕುವ ನೀರು ಅರ್ಧ ಒಣಗುವುದು ಹೇಗೆಂದು ತಿಳಿಯಲಿಲ್ಲ. ಸಿಹಿ ಸ್ವಲ್ಪ ಉಳಿದಿದೆ ಎಂದರ್ಥವಂತೆ. ಹಂದಿಮಾಂಸ, ಹೊಳೆಮೀನು ಚೆನ್ನಾಗಿ ಹೊಂದುತ್ತವಂತೆ. ನಾವು ಸಸ್ಯಾಹಾರಿಗಳು ಎಂದೆ. ಆಕೆ ಮರುಕದಿಂದ, "ಖಾರ ಇದ್ದರೂ ನಡೆಯುತ್ತೆ. ಆದರೆ ಹೆಚ್ಚು ಖಾರ ಬೇಡ. ಹುಳಿ ಇರಲಿ, ವೈನಿಗಿಂತ ಹೆಚ್ಚು ಹುಳಿ ಬೇಡ" ಎಂದಳು. ವೈನ್ ಎಷ್ಟು ಹುಳಿ ಎಂದು ಕೇಳಿದರೆ ಮರ್ಯಾದೆ ಹೋಗುತ್ತದೆಂದು ತಲೆಯಾಡಿಸಿ ಬಂದೆ. ಮನೆಯಲ್ಲಿ ಒಪ್ಪಿಸಿದ್ದನ್ನೆಲ್ಲ ಕೇಳಿದ ಸುಧಾ, "ನಿಮಗೇ ಅರ್ಥ ಆಗಿಲ್ಲ ಬಿಡಿ. ಚಿತ್ರಾನ್ನ ಮಾಡ್ತೀನಿ" ಎಂದಳು.

ಭಾನುವಾರ ಆ ಮುದುಕಿ ತಾವೇ ವೈನ್ ಬಗ್ಗಿಸಿ, ಎದುರು ಕೂತು ನನ್ನ ಮುಖವನ್ನೇ ನೋಡತೊಡಗಿದರು. ಆಕೆಗೆ ಇಂಗ್ಲಿಷ್ ಬಾರದು. ಕೈಬೆರಳುಗಳ ಗಂಟುಗಳು ಊದಿಕೊಂಡಿದ್ದವು. ಒಂದು ಗುಟುಕು ಕುಡಿದೆ. ವೈನ್ ಹೊಗಳಲೆಂದು ಕಂಠಪಾಠ ಮಾಡಿಕೊಂಡಿದ್ದ ಹೂವು, ಪೀಚು, ಒದ್ದೆ ಕಲ್ಲಿನ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಆ ಬೆರಳುಗಳನ್ನು ನೋಡಿ ಅವನ್ನೆಲ್ಲ ನುಂಗಿಕೊಂಡೆ.

"ಯೋಹಾನ್, ನಾನು ಇವತ್ತಿನವರೆಗೆ ವೈನೇ ಕುಡಿದವನಲ್ಲ. ಚೆನ್ನಾಗಿದೆ ಅನ್ಸುತ್ತೆ. ಯಾಕೆ ಅಂತ ಗೊತ್ತಿಲ್ಲ" ಎಂದೆ.

ಅವನು ಅದನ್ನು ತಾಯಿಗೆ ಜರ್ಮನ್ನಿನಲ್ಲಿ ಹೇಳಿದ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಏನೋ ಉದ್ದಕ್ಕೆ ಹೇಳಿದರು. ಯೋಹಾನ್ ಅನುವಾದಿಸಿದ: "ಬಂದವರೆಲ್ಲ ಇದರಲ್ಲಿ ಕಲ್ಲಿದೆ, ಹೂವಿದೆ ಅಂತಿದ್ದರಂತೆ. ಅಪ್ಪ ಅಮ್ಮ ಇಬ್ಬರಿಗೂ ಆ ರುಚಿ ಯಾವತ್ತೂ ಸಿಕ್ಕಿಲ್ಲವಂತೆ. ಬೇಯಿಸಿದ ಆಲೂಗಡ್ಡೆ ಜೊತೆ ಕುಡೀತಿದ್ದರಂತೆ. ಇದರಲ್ಲಿರೋದು ರೀಸ್ಲಿಂಗ್, ಸಿಲ್ವಾನರ್, ಮ್ಯುಲರ್-ತುರ್ಗಾವ್, ಮೂರು ದ್ರಾಕ್ಷಿ. ಅಷ್ಟು ಮಾತ್ರ ಖಂಡಿತ ಅಂತೆ."

ನನ್ನ ಎದೆ ಹಗುರಾಯಿತು. ಆಕೆ ಚಿತ್ರಾನ್ನ ಬಾಯಿಗಿಟ್ಟು, ವೈನ್ ಗುಟುಕರಿಸಿ, ಮತ್ತೆ ಚಿತ್ರಾನ್ನ ಹಾಕಿಸಿಕೊಂಡರು. ಆಮೇಲೆ ತಟ್ಟೆ ತೋರಿಸಿ ನನ್ನನ್ನೇ ಏನೋ ಕೇಳಿದರು.

"ಇದರಲ್ಲಿ ಏನೇನಿದೆ ಅಂತ ಕೇಳ್ತಿದ್ದಾರೆ" ಎಂದ ಯೋಹಾನ್.

ಮದುವೆಯಾದ ಹದಿನೆಂಟು ವರ್ಷದಿಂದ ವಾರಕ್ಕೆರಡು ಸಲ ತಿಂದಿದ್ದೇನೆ. ಸುಧಾಳ ಕಡೆ ನೋಡಿದೆ. ಅವಳು ಸೌಟು ಕೆಳಗಿಟ್ಟು, ಉಳಿದವರಿಗಿಂತ ಹೆಚ್ಚು ಕುತೂಹಲದಿಂದ ನನ್ನ ಉತ್ತರಕ್ಕೆ ಕಾಯುತ್ತಿದ್ದಳು.

"ಅಕ್ಕಿ" ಎಂದೆ.