ನಾಲ್ಕು ಗಂಟೆಯ ಏಲಕ್ಕಿ

ನಾನು ಟೀ ಕುಡಿಯುತ್ತೇನೆ. ಇದರಲ್ಲಿ ತಪ್ಪೊಪ್ಪಿಕೊಳ್ಳುವಂಥದ್ದು ಏನಿದೆ ಎಂದು ಬೇರೆ ಊರಿನವರಿಗೆ ಅನ್ನಿಸಬಹುದು. ಆದರೆ ನಾನು ಯಸಳೂರಿನ ಕಾಫಿ ತೋಟದಲ್ಲಿ ಹುಟ್ಟಿ, ಆನೇಮಹಲಿನ ಕಾಫಿ ತೋಟಕ್ಕೆ ಸೊಸೆಯಾಗಿ ಬಂದವಳು. ನಮ್ಮಲ್ಲಿ ನೆಂಟರನ್ನು ಏನು ಕುಡಿಯುತ್ತೀರಿ ಎಂದು ಕೇಳುವ ಪದ್ಧತಿಯೇ ಇಲ್ಲ. ಅವರು ಚಪ್ಪಲಿ ಬಿಡುವಷ್ಟರಲ್ಲಿ ಕಾಫಿ ಲೋಟ ಎದುರಿಗಿರುತ್ತದೆ. ಒಮ್ಮೆ ನನ್ನ ನಾದಿನಿಯನ್ನು ನೋಡಲು ಬಂದ ಹುಡುಗನ ಚಿಕ್ಕಪ್ಪ, "ನಂಗೆ ಟೀ ಇದ್ರೆ ಕೊಡಿ" ಅಂದುಬಿಟ್ಟರು. ಎರಡು ದಿನ ಬಿಟ್ಟು ನಮ್ಮ ಮಾವ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಅಂಥ ಮನೆಯಲ್ಲಿ ಮೂವತ್ತು ವರ್ಷದಿಂದ ಡಿಕಾಕ್ಷನ್ ಇಳಿಸುತ್ತಾ, ಒಳಗೊಳಗೇ ಟೀಗೆ ಹಂಬಲಿಸುತ್ತಾ ಬಂದಿದ್ದೇನೆ.

ಈ ಚಟ ಹತ್ತಿದ್ದು ಸಕಲೇಶಪುರದ ಹೈಸ್ಕೂಲಿನಲ್ಲಿ ಓದುವಾಗ. ಶಾಲೆ ಬಿಡುತ್ತಿದ್ದದ್ದು ನಾಲ್ಕಕ್ಕೆ, ಯಸಳೂರಿನ ಬಸ್ಸು ಐದೂವರೆಗೆ. ನಡುವಿನ ಹೊತ್ತು ಗೆಳತಿ ನಸೀಮಾಳ ಮನೆಯಲ್ಲಿ. ಅವಳ ಅಪ್ಪನಿಗೆ ಲಾರಿಯಲ್ಲಿ ಕಾಫಿ ಮೂಟೆ ಸಾಗಿಸುವ ಕೆಲಸ. ಊರ ಕಾಫಿಯನ್ನೆಲ್ಲ ಹೊತ್ತು ತಿರುಗುವವರ ಮನೆಯಲ್ಲಿ ಕುಡಿಯುತ್ತಿದ್ದದ್ದು ಮಾತ್ರ ಟೀ. ಅವಳ ಅಮ್ಮಿ ಶುಂಠಿ ಜಜ್ಜಿ ಹಾಕಿ, ಹಾಲು ಕೆನೆಗಟ್ಟುವವರೆಗೆ ಕುದಿಸಿ ಕೊಡುತ್ತಿದ್ದರು. ನಾವಿಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತು, ಬನ್ನು ಅದ್ದಿಕೊಂಡು, ಮೇಷ್ಟರುಗಳನ್ನೆಲ್ಲ ಆಡಿಕೊಳ್ಳುತ್ತಾ ಕುಡಿಯುತ್ತಿದ್ದೆವು. ಆಮೇಲಿನ ಬದುಕಿನಲ್ಲಿ ನಾನು ಅಷ್ಟು ನಿರಾಳವಾಗಿ ಎಲ್ಲೂ ಕೂತಿಲ್ಲ.

ಒಂದು ಸಂಜೆ ಅವ್ವ ನನ್ನ ಬಾಯಿ ಮೂಸಿದಳು. "ಟೀ ಕುಡ್ಕಂಡ್ ಬಂದ್ಬುಟ್ಟಿದ್ದೀಯಲ್ಲೇ! ನಮ್ಮನೇಲಿ ಕಾಫಿಗೇನು ಬರ ಬಂದೈತಾ?" ನಾನು ಹೆದರಿ, "ಬ್ಯಾಡ ಅಂದೆ ಕಣವ್ವ, ನಸೀಮಾನೇ ಬಲವಂತ ಮಾಡಿ ಕುಡಿಸಿದ್ಲು" ಎಂದು ಗೆಳತಿಯ ತಲೆಗೆ ಕಟ್ಟಿದೆ. ಮುಂದಿನ ಸಂತೆಗೆ ಪೇಟೆಗೆ ಹೋದ ಅವ್ವ ಅವರ ಮನೆಗೂ ಹೋಗಿ ಬಂದಳು. ಅಲ್ಲಿ ಏನೇನು ಅಂದಳೋ ಕೇಳುವ ಧೈರ್ಯ ನನಗಾಗಲಿಲ್ಲ. ಅಂದಿನಿಂದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚೇ ನನಗೆ ಗತಿ. ನಸೀಮಾ ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ, ಅದೇ ಇನ್ನೂ ಕಷ್ಟವಾಯಿತು. ಅವ್ವನಿಗೂ ಅದೇ ಕಾಲಕ್ಕೆ ಹಲ್ಲುನೋವು ಶುರುವಾಗಿ, ಸಂತೆಯಿಂದ ಬರುವಾಗ ಏಲಕ್ಕಿ ಜಗಿಯುತ್ತಲೇ ಬರುತ್ತಿದ್ದಳು. ನನ್ನ ಮೇಲಿನ ಸಂಕಟಕ್ಕೇ ಅವಳ ಹಲ್ಲು ಕೆಟ್ಟಿತೇನೋ ಎಂದು ನಾನು ಮರುಗಿದ್ದೆ.

ಹೋದ ತಿಂಗಳು ಮದುವೆಯೊಂದಕ್ಕೆ ಬೆಂಗಳೂರಿಗೆ ಹೋಗಿದ್ದೆ. ನಸೀಮಾ ಈಗ ಅಲ್ಲೇ ಇರುವುದು. "ಬರೀ ಟೀಗೇ ಅಂತ ಒಂದು ಜಾಗ ಐತೆ, ಮಧ್ಯಾಹ್ನ ಬಂದ್ಬಿಡೇ" ಎಂದು ಫೋನು ಮಾಡಿದಳು. ಈ ಸಲ ಕ್ಷಮೆ ಕೇಳಿಯೇ ತೀರಬೇಕು ಎಂದುಕೊಂಡು ಹೋದೆ. ಮೆತ್ತನೆಯ ಕುರ್ಚಿಗಳು, ಪಿಸುಗುಟ್ಟುವ ಜನ, ಮೂರು ಅಂತಸ್ತಿನ ತಟ್ಟೆಯಲ್ಲಿ ಒಂದೊಂದು ತುತ್ತಿನ ಸ್ಯಾಂಡ್‌ವಿಚ್ಚು, ಕೇಕು. ಬಡಿಸುವ ಹುಡುಗಿ ಪಿಂಗಾಣಿ ಕೆಟಲನ್ನೂ ಒಂದು ಮರಳಿನ ಗಡಿಯಾರವನ್ನೂ ತಂದಿಟ್ಟು, "ಮರಳು ಇಳಿದ ತಕ್ಷಣ ಒಳಗಿನ ಜಾಲರಿ ತೆಗೆದುಬಿಡಿ ಮೇಡಂ, ಮೂರೇ ನಿಮಿಷ" ಅಂದಳು. ನಾವು ಹೂಂ ಅಂದೆವು. ಆದರೆ ಫಿಲ್ಟರಿಗೆ ನೀರು ಹಾಕಿದ ಮೇಲೆ ಮುಟ್ಟಬಾರದು ಎಂದೇ ಬೆಳೆದ ಕೈ ನನ್ನದು. ಟೀ ಅಂದರೆ ಕುದ್ದಷ್ಟೂ ಒಳ್ಳೆಯದು ಎಂದು ನಂಬಿದ ಕೈ ಅವಳದು. "ಮುಟ್ಬೇಡ, ಚೆನ್ನಾಗಿ ಇಳೀಲಿ" ಅಂದೆ. "ಇಳೀಲಿ ಬಿಡೇ" ಅಂದಳು. ನಿಜ ಹೇಳಬೇಕೆಂದರೆ, ಟೀ ಇಳಿಯುವವರೆಗೆ ಏಳಬೇಕಾಗಿಲ್ಲವಲ್ಲ ಎಂಬ ಆಸೆ. ಮರಳು ಖಾಲಿಯಾದಾಗಲೆಲ್ಲ ಗಡಿಯಾರವನ್ನು ಮೆಲ್ಲಗೆ ತಿರುಗಿಸಿ ಇಡುತ್ತಿದ್ದೆ.

ಅರ್ಧ ಗಂಟೆಯ ಮೇಲೆ ಧೈರ್ಯ ಮಾಡಿ ಹಳೆಯ ಸುಳ್ಳನ್ನು ಹೇಳಿಕೊಂಡೆ. ನಸೀಮಾ ನಕ್ಕಳು.

"ಅಯ್ಯೋ, ಅದಾ! ನಿಮ್ಮವ್ವ ಜಗಳಕ್ಕೆ ಬಂದಿದ್ದೇನೋ ನಿಜ ಕಣೇ. ಬಾಗ್ಲಲ್ಲೇ ನಿಂತು ಬೈದ್ರಂತೆ. ನಮ್ಮಮ್ಮಿ, 'ಬಿಸಿಲಲ್ಲಿ ಬಂದಿದ್ದೀರಾ, ಕೂತ್ಕಂಡು ಬೈಯಿರಿ' ಅಂತ ಒಂದು ಲೋಟ ಟೀ ಕೊಟ್ರಂತೆ. ಆಮೇಲೆ ಯಾವ ಸಂತೇನೂ ತಪ್ಪಿಸ್ಲಿಲ್ಲ ನಿಮ್ಮವ್ವ! ನೀನು ಕೂತ್ಕಂತಿದ್ದ ಮೆಟ್ಟಿಲ ಮೇಲೇ ಕೂತು ಕುಡಿಯೋರಂತೆ. ಹೋಗುವಾಗ ಎರಡು ಏಲಕ್ಕಿ ಇಸ್ಕಂಡು, ಮಗಳಿಗೆ ಮಾತ್ರ ಗೊತ್ತಾಗ್ಬಾರ್ದು ಅನ್ನೋರಂತೆ. ಅಮ್ಮಿ ನನ್ನ ಹತ್ರ ಆಣೆ ಹಾಕಿಸ್ಕಂಡಿದ್ರು. ಈಗ ಇಬ್ರೂ ಇಲ್ವಲ್ಲ, ಹೇಳಿದ್ರೆ ಏನಂತೆ."

ನಾನೂ ನಕ್ಕೆ. ನಾನು ಕಲ್ಲುಬೆಂಚಿನ ಮೇಲೆ ಕೂತು ಬಾಯಾರಿದ್ದ ಆ ಕಾಲದಲ್ಲಿ, ಸಂತೆ ಸಂತೆಗೂ ನನ್ನ ಜಾಗದಲ್ಲಿ ಅವ್ವ ಕೂತಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಟೀಯವರು, ಒಬ್ಬರಿಗೊಬ್ಬರು ಹೆದರಿಕೊಂಡು ಕಾಫಿ ಕುಡಿದಿದ್ದೆವು. ಅವಳ ಜೊತೆ ಒಂದೇ ಒಂದು ಸಲ, ಆ ಮೆಟ್ಟಿಲ ಮೇಲೆ, ಒಂದು ಲೋಟ ಟೀ ಕುಡಿಯಬೇಕೆಂಬ ಆಸೆ ಜೋರಾಗಿ ಬಂತು. ಕೆಟಲು ಬಗ್ಗಿಸಿದರೆ ಬಂದದ್ದು ಕಪ್ಪನೆಯ ಕಷಾಯ. ಹುಡುಗಿ ಗಾಬರಿಯಾಗಿ ಬೇರೆ ತರುತ್ತೇನೆ ಅಂದರೂ ನಾವು ಬಿಡಲಿಲ್ಲ. ಕಹಿಯನ್ನೇ ಪೂರ್ತಿ ಕುಡಿದು ಎದ್ದೆವು.

ಬರುವಾಗ ಒಂದು ಪೊಟ್ಟಣ ಟೀಸೊಪ್ಪು ತಂದು ಮೆಣಸಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದೇನೆ. ನಾಲ್ಕು ಗಂಟೆಗೆ ನಮ್ಮ ಯಜಮಾನರು ತೋಟದ ಕಡೆ ಹೋದಾಗ ಮಾಡಿಕೊಂಡು, ನಿಂತೇ ಕುಡಿದು, ಲೋಟ ತೊಳೆದು, ಏಲಕ್ಕಿ ಬಾಯಿಗೆ ಹಾಕಿಕೊಳ್ಳುತ್ತೇನೆ. "ಏನೇ, ಪಾಯಸ ಮಾಡಿದ್ಯಾ?" ಎಂದು ಇವರು ಕೇಳಿದರೆ ಹಲ್ಲುನೋವು ಅನ್ನುತ್ತೇನೆ. ಆದರೆ ಪೊಟ್ಟಣ ನನ್ನ ಲೆಕ್ಕಕ್ಕಿಂತ ಬೇಗ ಬೇಗ ಇಳಿಯುತ್ತಿದೆ. ಮೊನ್ನೆ ಬೆಳಿಗ್ಗೆ ನಾನು ಹಿತ್ತಲಿಂದ ಬರುವಷ್ಟರಲ್ಲಿ ಇವರ ಬಾಯಿಂದಲೂ ಏಲಕ್ಕಿಯ ವಾಸನೆ. ಕೇಳಿದರೆ, "ಯಾಕೋ ಹಲ್ಲುನೋವು ಕಣೇ" ಅಂದರು.

ಅವ್ವನ ಜೊತೆ ತಪ್ಪಿದ್ದು ಇಲ್ಲಾದರೂ ತಪ್ಪದಿರಲಿ ಎಂದು ಇವತ್ತು ಎರಡು ಲೋಟ ನೀರಿಟ್ಟೆ. ಶುಂಠಿ ಜಜ್ಜಿದೆ. ಸೊಪ್ಪು ಹಾಕಿದೆ. ಅಷ್ಟರಲ್ಲಿ ಅಂಗಳದಲ್ಲಿ ಇವರ ಹೆಜ್ಜೆ ಸಪ್ಪಳವಾಯಿತು. ತಟಕ್ಕನೆ ಒಲೆ ಆರಿಸಿ, ಪಾತ್ರೆಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಸರಿಸಿ, ಅಭ್ಯಾಸಬಲದಿಂದ ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡು, ಫಿಲ್ಟರು ಕೈಗೆತ್ತಿಕೊಂಡೆ.

"ಕಾಫಿ ಆಯ್ತಾ?" ಅಂದರು ಬಾಗಿಲಲ್ಲಿ ನಿಂತು.

"ಆಯ್ತು, ಬನ್ನಿ" ಅಂದೆ, ಏಲಕ್ಕಿಯನ್ನು ಇನ್ನೊಂದು ದವಡೆಗೆ ಸರಿಸಿಕೊಂಡು.